ಕುಂತಿಬೆಟ್ಟದ ಸ್ಕ್ರೀನ್‌ಪ್ರಿಂಟ್, 40ರಲ್ಲಿ 17ನೇದು: ಇದು ಮೂಲ ಕೃತಿಯೋ, ಬರೀ ಪ್ರಿಂಟೋ?

ಪಾಂಡವಪುರದ ಹುಡುಗ
ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಓದಿ ದಾರಿ ತೋರಿಸಿ.

ನಿನ್ನೆ ಮೈಸೂರಲ್ಲಿ ಒಂದು ಸಣ್ಣ ಪ್ರದರ್ಶನಕ್ಕೆ ಹೋಗಿದ್ದೆ. ಅಲ್ಲಿ ಒಂದು ಸ್ಕ್ರೀನ್‌ಪ್ರಿಂಟ್ ಮುಂದೆ ಕಾಲು ನಿಂತುಬಿಟ್ಟಿತು. ಕುಂತಿಬೆಟ್ಟದ ಎರಡು ಗುಡ್ಡ, ಕೆಳಗೆ ಕಬ್ಬಿನ ಗದ್ದೆ, ಮುಂದೆ ನಾಲೆ ಏರಿ. ಗದ್ದೆಯ ಮೇಲೆ ತೆಳ್ಳಗೆ ಬಿಳಿ ಬೂದು ಮಂಜು. ನಾನು ಹುಟ್ಟಿ ಬೆಳೆದದ್ದು ಪಾಂಡವಪುರದ ಹತ್ತಿರ. ಸ್ಕೂಲಿಗೆ ಹೋಗುವಾಗ ಹತ್ತು ವರ್ಷ ದಿನಾ ನೋಡಿದ ಬೆಟ್ಟ ಅದು. ಹೆಚ್ಚು ಯೋಚನೆ ಮಾಡದೆ 2,000 ಮುಂಗಡ ಕೊಟ್ಟು ಬಂದೆ.

ವಿವರ ಹೀಗಿದೆ. ಹಾಳೆ 50 × 70 ಸೆಂ.ಮೀ., ಹತ್ತಿಯ ಕಾಗದ. 11 ಬಣ್ಣ. ಕೆಳಗೆ ಎಡಗಡೆ ಪೆನ್ಸಿಲಲ್ಲಿ 17/40, ಬಲಗಡೆ ಕಲಾವಿದರ ಸಹಿ. ಬೆಲೆ 9,500. ಉಳಿದ ಹಣ ಮುಂದಿನ ಶನಿವಾರ ಕೊಟ್ಟು ತರಬೇಕು.

ಮನೆಗೆ ಬಂದು ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಮಾತು. "ಪ್ರಿಂಟಿಗೆ ಅಷ್ಟು ದುಡ್ಡಾ? ಕ್ಯಾಲೆಂಡರೂ ಪ್ರಿಂಟೇ ಅಲ್ವೇನೋ?" ಅಪ್ಪ ನಲವತ್ತು ವರ್ಷ ಕಬ್ಬು ಬೆಳೆದವರು. ಮಂಡಿ ಆಪರೇಷನ್ ಆದ ಮೇಲೆ ಕುವೆಂಪುನಗರದಲ್ಲಿ ನಮ್ಮ ಜೊತೆ ಇದ್ದಾರೆ. ಅವರಿಗೆ ಏನು ಉತ್ತರ ಕೊಡಬೇಕು ಅಂತ ನನಗೆ ಗೊತ್ತಾಗಲಿಲ್ಲ. ಪ್ರಿಂಟ್ ಅಂದ ಮೇಲೆ ಮೂಲ ಚಿತ್ರ ಬೇರೆ ಎಲ್ಲೋ ಇರಬೇಕು ತಾನೆ? ಹಾಗಿದ್ದರೆ ನಾನು ತಗೊಳ್ಳುತ್ತಿರುವುದು ಏನು?

ಮಸಿಕೈ
ಭಾನುವಾರ, ರಾತ್ರಿ 10:25

ನಾನು ಇದೇ ಕೆಲಸ ಮಾಡುವವಳು, ಅದಕ್ಕೆ ಉತ್ತರ ಕೊಡುತ್ತೇನೆ. ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ಮೂಲ ಚಿತ್ರ ಬೇರೆ ಎಲ್ಲೂ ಇಲ್ಲ. ಆ 40 ಹಾಳೆಗಳೇ ಮೂಲ.

ಕ್ಯಾಲೆಂಡರಿಗೆ ಮೊದಲು ಒಂದು ಚಿತ್ರ ಇರುತ್ತದೆ. ಅದರ ಫೋಟೋ ತೆಗೆದು ಮಷೀನಲ್ಲಿ ಸಾವಿರಗಟ್ಟಲೆ ಒತ್ತುತ್ತಾರೆ. ಇಂಥ ಸ್ಕ್ರೀನ್‌ಪ್ರಿಂಟಿನ ಕಲಾವಿದರು ಸಾಮಾನ್ಯವಾಗಿ ಹಾಗೆ ಶುರು ಮಾಡುವುದಿಲ್ಲ. ಅವರ ಹತ್ತಿರ ಇರುವುದು ಪೆನ್ಸಿಲ್ ಸ್ಕೆಚ್ ಇರಬಹುದು, ಒಂದಷ್ಟು ಬಣ್ಣದ ಟಿಪ್ಪಣಿ ಇರಬಹುದು. ನೀವು ನೋಡಿದ ಚಿತ್ರ ಹುಟ್ಟುವುದು ಹಾಳೆಯ ಮೇಲೆ, ಒಂದರ ಮೇಲೊಂದು ಬಣ್ಣ ಕೂತಾಗ.

11 ಬಣ್ಣ ಅಂದರೆ ಸಾಮಾನ್ಯವಾಗಿ 11 ಅಚ್ಚು. ಪ್ರತಿ ಬಣ್ಣಕ್ಕೂ ಬೇರೆ ಫಿಲ್ಮ್ ಬರೆಯಬೇಕು. ಫ್ರೇಮಿಗೆ ಬಿಗಿದ ಬಟ್ಟೆಗೆ ಎಮಲ್ಷನ್ ಬಳಿದು ಕತ್ತಲಲ್ಲಿ ಒಣಗಿಸಬೇಕು. ಫಿಲ್ಮ್ ಇಟ್ಟು ಬೆಳಕಿಗೆ ಒಡ್ಡಬೇಕು. ಬೆಳಕು ಬಿದ್ದ ಕಡೆ ಎಮಲ್ಷನ್ ಗಟ್ಟಿಯಾಗುತ್ತದೆ. ಫಿಲ್ಮಿನ ಕಪ್ಪು ಮುಚ್ಚಿದ ಕಡೆ ಮೆತ್ತಗೇ ಉಳಿದು ನೀರು ಹೊಡೆದಾಗ ತೊಳೆದು ಹೋಗುತ್ತದೆ. ಅಲ್ಲಿಂದ ಮಾತ್ರ ಇಂಕ್ ಕೆಳಗಿಳಿಯುತ್ತದೆ. ಆಮೇಲೆ ಸ್ಕ್ವೀಜಿ, ಅಂದರೆ ರಬ್ಬರ್ ಅಂಚಿನ ಪಟ್ಟಿ ಹಿಡಿದು ಇಂಕ್ ಎಳೆಯಬೇಕು. ಒಂದು ಹಾಳೆಗೆ ಒಂದು ಬಣ್ಣಕ್ಕೆ ಒಂದು ಎಳೆತ.

40 ಹಾಳೆಗೆ 11 ಬಣ್ಣ ಅಂದರೆ 440 ಎಳೆತ. ಆದರೆ ಯಾರೂ 40 ಹಾಳೆಯಿಂದ ಶುರು ಮಾಡುವುದಿಲ್ಲ. ನಾನಾದರೆ 55 ಇಟ್ಟುಕೊಳ್ಳುತ್ತೇನೆ, ಆಗ 605. ಹತ್ತನೇ ಬಣ್ಣದಲ್ಲಿ ಅರ್ಧ ಮಿಲಿಮೀಟರ್ ಆಚೀಚೆ ಕೂತರೂ ಅಲ್ಲಿಯವರೆಗೆ ಮಾಡಿದ್ದೆಲ್ಲ ಹೋಯಿತು. ಮಳೆಗಾಲದಲ್ಲಂತೂ ಹತ್ತಿಯ ಕಾಗದ ತೇವ ಹೀರಿ ಹಿಗ್ಗುತ್ತದೆ. ಬೆಳಿಗ್ಗೆ ಸರಿಯಾಗಿ ಕೂತ ಅಚ್ಚು ಸಂಜೆ ಕೂರುವುದಿಲ್ಲ. ಜುಲೈನಲ್ಲಿ ನಾನು ಹೀಗೆ 14 ಹಾಳೆ ಕಳೆದುಕೊಂಡೆ. ಎರಡು ದಿನ ಆ ಕಡೆ ತಿರುಗಿ ನೋಡಲಿಲ್ಲ.

ಕುಕ್ಕರಹಳ್ಳಿ ನಡಿಗೆ
ಸೋಮವಾರ, ಬೆಳಿಗ್ಗೆ 7:50

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ನಾನು ಮೂವತ್ತು ವರ್ಷದಿಂದ ಕೈಲಾದಷ್ಟು ಪ್ರಿಂಟ್ ಸಂಗ್ರಹಿಸುತ್ತಿದ್ದೇನೆ. ಮೇಷ್ಟ್ರ ಸಂಬಳದಲ್ಲಿ ತೈಲಚಿತ್ರ ಕೊಳ್ಳಲು ಆಗುತ್ತಿರಲಿಲ್ಲ. ಪ್ರಿಂಟ್ ಆದರೆ ಆಗುತ್ತಿತ್ತು. ನನ್ನಂಥವರ ಗೋಡೆಗೂ ಕಲಾವಿದರ ಕೈ ಬರೋದು ಹೀಗೇನೇ.

ನಿಮ್ಮ ತಂದೆಯವರಿಗೆ ಒಂದು ಉದಾಹರಣೆ ಹೇಳಿ. ನಮ್ಮ ಮನೆಗಳ ದೇವರ ಕೋಣೆಯಲ್ಲಿದ್ದ ರವಿವರ್ಮನ ಲಕ್ಷ್ಮಿ, ಸರಸ್ವತಿ ಎಲ್ಲರಿಗೂ ಗೊತ್ತು. ಅವು ಓಲಿಯೋಗ್ರಾಫ್. ರವಿವರ್ಮ ಮುಂಬೈಯಲ್ಲಿ 1894ರಲ್ಲಿ ಶುರು ಮಾಡಿದ ಪ್ರೆಸ್ಸಿನಿಂದ ಅಂಥವು ಮನೆಮನೆಗೆ ಬಂದವು. ಆದರೆ ಅವು ತೈಲಚಿತ್ರದ ನಕಲು. ಮೂಲ ಬೇರೆ ಇತ್ತು. ಜಗನ್ಮೋಹನ ಅರಮನೆಗೆ ಹೋದರೆ ರವಿವರ್ಮ ಕೈಯಾರೆ ಬರೆದ ಚಿತ್ರಗಳನ್ನೇ ನೋಡಬಹುದು. ಅದರ ಮುಂದೆ ನಿಂತರೆ ಓಲಿಯೋಗ್ರಾಫಿಗೂ ಅದಕ್ಕೂ ಇರುವ ದೂರ ತಿಳಿಯುತ್ತದೆ. ನಿಮ್ಮ ಕುಂತಿಬೆಟ್ಟಕ್ಕೆ ಅಂಥ ದೂರ ಇಲ್ಲ. ಮಸಿಕೈ ಅವರು ಹೇಳಿದ್ದೂ ಅದನ್ನೇ.

ಈಗ ಎಚ್ಚರದ ಮಾತು. ಕೆಲವು ವರ್ಷದ ಹಿಂದೆ ಒಂದು ಗ್ಯಾಲರಿಯಲ್ಲಿ "ಲಿಮಿಟೆಡ್ ಎಡಿಷನ್, 100 ಮಾತ್ರ" ಅಂತ ಒಂದು ಕೆರೆಯ ದೃಶ್ಯ ಕೊಂಡೆ. ಎರಡು ವರ್ಷ ಆದ ಮೇಲೆ ಅದೇ ಚಿತ್ರ ಸ್ವಲ್ಪ ಚಿಕ್ಕ ಅಳತೆಯಲ್ಲಿ ಇನ್ನೊಂದು 250 ಬಂತು. ಕೇಳಿದರೆ "ಸಾರ್, ಅಳತೆ ಬೇರೆ, ಹಾಗಾಗಿ ಎಡಿಷನ್ನೂ ಬೇರೆ" ಅಂದರು. ಬರವಣಿಗೆಯಲ್ಲಿ ಏನೂ ಇರಲಿಲ್ಲ, ಸುಮ್ಮನೆ ಬಂದೆ. ಮನಸ್ಸಿಗೆ ಮಾತ್ರ ಬಹಳ ನೋವಾಯಿತು. ಆ ಚಿತ್ರವನ್ನು ಇವತ್ತಿಗೂ ಗೋಡೆಗೆ ಹಾಕಿಲ್ಲ.

ಅದಕ್ಕೆ ಹಣ ಕೊಡುವ ಮೊದಲು ಕೇಳಿ. ಒಟ್ಟು ಎಷ್ಟು? ಕಲಾವಿದರ ಪ್ರತಿ, ಅಂದರೆ ಎ.ಪಿ. ಅಂತ ಬರೆದಿರುವವು ಎಷ್ಟು? ಬೇರೆ ಅಳತೆಯಲ್ಲಿ, ಬೇರೆ ಬಣ್ಣದಲ್ಲಿ ಮತ್ತೆ ಬರುತ್ತದೆಯೇ? ಅಚ್ಚು ಅಳಿಸಿದ್ದಾರೆಯೇ? ಇದೆಲ್ಲ ಒಂದು ಕಾಗದದಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ಒಳ್ಳೆಯ ಕಲಾವಿದರು ಬೇಜಾರು ಮಾಡಿಕೊಳ್ಳುವುದಿಲ್ಲ.

ಲಗ್ನಪತ್ರಿಕೆ ಮಂಡ್ಯ
ಸೋಮವಾರ, ಮಧ್ಯಾಹ್ನ 2:15

ನಾನು ಮಂಡ್ಯದಲ್ಲಿ 22 ವರ್ಷದಿಂದ ಸ್ಕ್ರೀನ್ ಪ್ರಿಂಟಿಂಗ್ ಮಾಡುತ್ತಿದ್ದೇನೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತಾಂಬೂಲದ ಚೀಲ, ಅಂಗಡಿ ಕವರ್. ಮಸಿಕೈ ಮೇಡಂ ಬರೆದದ್ದು ಓದಿ ತುಂಬಾ ಖುಷಿಯಾಯಿತು. ಎಮಲ್ಷನ್ ಬಳಿಯೋದು, ಎಕ್ಸ್‌ಪೋಸ್ ಮಾಡೋದು, ತೊಳೆಯೋದು ಎಲ್ಲ ನಾವು ಮಾಡೋದೇ. ಕರೆಂಟ್ ಇಲ್ಲದ ದಿನ ಬಿಸಿಲಿಗೇ ಇಟ್ಟು ಎಕ್ಸ್‌ಪೋಸ್ ಮಾಡಿದ್ದೂ ಉಂಟು. ಮೋಡ ಬಂದರೆ ಕೆಲಸ ಕೆಟ್ಟಿತು.

ಆದರೆ ನಮ್ಮದು ಒಂದು ಬಣ್ಣ, ಜಾಸ್ತಿ ಅಂದರೆ ಎರಡು. 11 ಬಣ್ಣ ಅಂದ ಕೂಡಲೇ ನನ್ನ ಬೆರಳು ನೋಯತೊಡಗಿತು. ಗಣಪತಿಗೆ ಕೆಂಪು, ಅದರ ಸುತ್ತ ಬಂಗಾರದ ಗೆರೆ. ಇಷ್ಟನ್ನು 500 ಕಾರ್ಡಿನಲ್ಲಿ ಒಂದೇ ಸಮ ಕೂರಿಸುವುದೇ ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಪಾಂಡವಪುರದ ಅಣ್ಣ, ಪ್ರಿಂಟ್ ನಿಜವಾಗಿ ಸ್ಕ್ರೀನಿನದ್ದೇ ಅಂತ ನೋಡುವುದು ಸುಲಭ. ಕಿಟಕಿ ಹತ್ತಿರ ಹಿಡಿದು ಓರೆಯಾಗಿ ನೋಡಿ. ಇಂಕ್ ಕಾಗದದ ಮೇಲೆ ಕೂತಿರುತ್ತದೆ, ಒಳಗೆ ಇಂಗಿರುವುದಿಲ್ಲ. ಎರಡು ಬಣ್ಣ ಸೇರುವ ಕಡೆ ಸಣ್ಣ ಮೆಟ್ಟಿಲು ಕಾಣುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಇಟ್ಟರೆ ಬಣ್ಣ ಒಂದೇ ಸಮ ಹಾಸಿರುತ್ತದೆ. ಕಂಪ್ಯೂಟರ್ ಪ್ರಿಂಟ್ ಆದರೆ ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕಿಗಳು ಪುಡಿ ಉದುರಿಸಿದ ಹಾಗೆ ಕಾಣುತ್ತವೆ.

ನನಗೊಂದು ಸಂದೇಹ. ಫಿಲ್ಮ್ ಎತ್ತಿಟ್ಟುಕೊಂಡರೆ ಅಚ್ಚು ಮತ್ತೆ ಮಾಡಬಹುದು. ನಾವೂ ಹಳೇ ಗಿರಾಕಿಗಳ ಫಿಲ್ಮ್ ಇಟ್ಟಿರುತ್ತೇವೆ. 41ನೇದು ಮಾಡಲ್ಲ ಅಂತ ಏನು ಗ್ಯಾರಂಟಿ?

ಮಸಿಕೈ
ಸೋಮವಾರ, ಸಂಜೆ 6:05

ಅಣ್ಣ, ನೀವು ಕೇಳಿದ್ದು ಈ ಕೆಲಸದ ಬೇರಿನ ಪ್ರಶ್ನೆ. ಗ್ಯಾರಂಟಿ ಇಲ್ಲ. ಮಾತು ಇದೆ.

ತಾಮ್ರದ ತಟ್ಟೆಯಲ್ಲಿ ಗೀರಿ ಒತ್ತುವ ಪ್ರಿಂಟುಗಳಲ್ಲಿ ತಟ್ಟೆಯೇ ಸವೆಯುತ್ತದೆ. ಮೊದಲ ಪ್ರತಿಗಳು ಚೂಪಾಗಿ ಬಂದರೆ ಕೊನೆಯವು ಮಂಕು. ಅಲ್ಲಿ ಸಂಖ್ಯೆಯನ್ನು ತಟ್ಟೆಯೇ ನಿಲ್ಲಿಸುತ್ತಿತ್ತು. ಸ್ಕ್ರೀನ್ ಹಾಗಲ್ಲ, ನೂರಾರು ಒತ್ತಬಹುದು. 40ಕ್ಕೆ ನಿಲ್ಲಿಸುವುದು ಕಲಾವಿದರು ತಾವೇ ಹಾಕಿಕೊಂಡ ಗೆರೆ. ನಾನು ಎಡಿಷನ್ ಮುಗಿದ ದಿನವೇ ಬಟ್ಟೆಯ ಮೇಲಿನ ಅಚ್ಚು ಅಳಿಸುತ್ತೇನೆ. ಫಿಲ್ಮ್ ಕತ್ತರಿಸಿ ಹಾಕುತ್ತೇನೆ. ಪುಸ್ತಕದಲ್ಲಿ ತಾರೀಖು, ಎಷ್ಟು ಹಾಳೆ, ಎಷ್ಟು ಕೆಟ್ಟವು, ಎಷ್ಟು ಎ.ಪಿ. ಎಲ್ಲ ಬರೆದಿಡುತ್ತೇನೆ. ಎ.ಪಿ. ಸಾಮಾನ್ಯವಾಗಿ ನೂರಕ್ಕೆ ಹತ್ತರಷ್ಟು, ಅಂದರೆ 40ಕ್ಕೆ ನಾಲ್ಕು. ಯಾರು ಕೇಳಿದರೂ ಆ ಪುಸ್ತಕ ತೋರಿಸುತ್ತೇನೆ. ಕುಕ್ಕರಹಳ್ಳಿ ಸಾರ್‌ಗೆ ಆದದ್ದು ಓದಿ ನನಗೆ ನಾಚಿಕೆಯಾಯಿತು. ಅದು ನನ್ನ ತಪ್ಪಲ್ಲ. ಆದರೂ ಒಬ್ಬರು ಮಾತು ತಪ್ಪಿದರೆ ನಮ್ಮೆಲ್ಲರ ಪೆನ್ಸಿಲ್ ಗುರುತಿನ ಮೇಲೂ ಜನಕ್ಕೆ ನಂಬಿಕೆ ಹೋಗುತ್ತದೆ.

ಇನ್ನೊಂದು. 17/40 ಅಂದರೆ ಹದಿನೇಳನೆಯದಾಗಿ ಒತ್ತಿದ್ದು ಅಂತ ಅಲ್ಲ. ಹನ್ನೊಂದು ಸಲ ಒಣಗುವ ರ‍್ಯಾಕಿಗೆ ಹೋಗಿ ಬರುವಾಗ ಹಾಳೆಗಳ ಸಾಲು ಅದಲು ಬದಲಾಗಿರುತ್ತದೆ. 1ಕ್ಕೂ 40ಕ್ಕೂ ಗುಣದಲ್ಲಿ ಮೇಲು ಕೀಳು ಇಲ್ಲ. "1ನೇ ನಂಬರ್ ಕೊಡಿ, ಜಾಸ್ತಿ ಕೊಡ್ತೀನಿ" ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಹೊಸಬಳು
ಸೋಮವಾರ, ರಾತ್ರಿ 8:30

ದಡ್ಡ ಪ್ರಶ್ನೆ ಅನ್ನಿಸಿದರೆ ಕ್ಷಮಿಸಿ. ಇದನ್ನು ಸಿಲ್ಕ್ ಸ್ಕ್ರೀನ್ ಅಂತಲೂ ಕರೆಯುತ್ತಾರಲ್ವಾ? ಅದರಲ್ಲಿ ರೇಷ್ಮೆ ಇದೆಯಾ?

ಮಸಿಕೈ
ಸೋಮವಾರ, ರಾತ್ರಿ 8:42

ಮೊದಲು ಇತ್ತು. ಫ್ರೇಮಿಗೆ ಬಿಗಿಯುತ್ತಿದ್ದದ್ದು ರೇಷ್ಮೆ ಬಟ್ಟೆಯನ್ನೇ. ಈಗ ಪಾಲಿಯೆಸ್ಟರ್. ಹೆಸರು ಉಳಿದಿದೆ. ಇದಕ್ಕೆ ಸೆರಿಗ್ರಾಫ್ ಅಂತ ಇನ್ನೊಂದು ಹೆಸರಿದೆ, ಅದರಲ್ಲೂ "ಸೆರಿ" ಅಂದರೆ ರೇಷ್ಮೆಯೇ.

ನಾಲೆ ಏರಿ
ಮಂಗಳವಾರ, ಬೆಳಿಗ್ಗೆ 11:10

ನನಗೆ ಪ್ರಿಂಟ್ ಮಾಡುವುದು ಗೊತ್ತಿಲ್ಲ, ಊರಿನ ಇತಿಹಾಸದಲ್ಲಿ ಆಸೆ. ನಮ್ಮ ಸೀಮೆಯ ದೃಶ್ಯಗಳನ್ನು ಅಚ್ಚು ಹಾಕಿ ಸಂಗ್ರಹಿಸುವವರಿಗೆ ಮಾರುವುದು ಹೊಸದೇನಲ್ಲ. ಮೂರನೇ ಮೈಸೂರು ಯುದ್ಧದ ಸಮಯದಲ್ಲಿ ಕಾರ್ನ್‌ವಾಲಿಸನ ಸೈನ್ಯದ ಜೊತೆ ರಾಬರ್ಟ್ ಹೋಮ್ ಅನ್ನುವ ಚಿತ್ರಕಾರ ಬಂದಿದ್ದ. ಅವನು ಬರೆದ ಮೈಸೂರು ಸೀಮೆಯ ದೃಶ್ಯಗಳು 1794ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಕೋಲ್‌ಬ್ರೂಕ್, ಅಲನ್ ಅನ್ನುವ ಸೈನ್ಯಾಧಿಕಾರಿಗಳ ಚಿತ್ರಗಳೂ ಅದೇ ಕಾಲಕ್ಕೆ ಬಂದವು. ಕೋಟೆ, ಬೆಟ್ಟ, ಬಯಲು. ನೋಡಿದವರು ದೂರದವರು, ಕೊಂಡವರೂ ದೂರದವರು. ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಅಂತ ಹೆಸರು ಬಂದದ್ದೂ ದೂರದವರಿಂದಲೇ. ಹೈದರ್, ಟಿಪ್ಪು ಜೊತೆಗಿದ್ದ ಫ್ರೆಂಚ್ ಪಡೆ ಅಲ್ಲಿ ಬೀಡು ಬಿಟ್ಟಿತ್ತು.

ಇವತ್ತು ಆ ಬೆಟ್ಟದ ಕೆಳಗೆ ಓಡಾಡಿದವರೇ ಆ ಬೆಟ್ಟದ ಪ್ರಿಂಟ್ ಕೊಳ್ಳುತ್ತಿದ್ದಾರೆ. ನನಗೆ ಇದು ಬಹಳ ದೊಡ್ಡ ವಿಷಯ ಅನ್ನಿಸುತ್ತದೆ.

ಇನ್ನೊಂದು ಮಾತು ಸೇರಿಸುತ್ತೇನೆ. ನಿಮ್ಮ ಚಿತ್ರದಲ್ಲಿರುವ ಹಸಿರು ತೀರಾ ಹಳೆಯದಲ್ಲ. ನದಿ ಪಕ್ಕದ ಹಳೇ ಕಾಲುವೆಗಳು ಮೊದಲೂ ಇದ್ದವು. ಆದರೆ ಕನ್ನಂಬಾಡಿ ಕಟ್ಟಿ ವಿಶ್ವೇಶ್ವರಯ್ಯ ನಾಲೆ ಬಂದ ಮೇಲೆಯೇ ಇಷ್ಟು ದೂರದವರೆಗೆ ಕಬ್ಬು ಹರಡಿದ್ದು. ಮಂಡ್ಯದ ಸಕ್ಕರೆ ಕಂಪನಿ ಶುರುವಾದದ್ದು 1933ರಲ್ಲಿ. ಹಾಗಾಗಿ ಹೋಮ್ ನೋಡಿದ ಬಯಲಲ್ಲಿ ಆ 11 ಬಣ್ಣದಲ್ಲಿ ಎಷ್ಟೋ ಬಣ್ಣ ಇರಲೇ ಇಲ್ಲ.

ಚೌಕಟ್ಟು
ಮಂಗಳವಾರ, ಸಂಜೆ 5:30

ಫ್ರೇಮ್ ಹಾಕುವವಳು ನಾನು. ಯಾರೂ ಆ ವಿಷಯ ಎತ್ತಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ದಯವಿಟ್ಟು ಪ್ರಿಂಟನ್ನು ಪ್ಲೈವುಡ್ಡಿಗೆ ಅಂಟಿಸಲು ಬಿಡಬೇಡಿ. "ಸುಕ್ಕು ಬರಲ್ಲ ಸಾರ್, ಟೈಟಾಗಿ ಕೂರುತ್ತೆ" ಅಂತ ಹೇಳುವವರು ಬಹಳ ಇದ್ದಾರೆ. ಒಮ್ಮೆ ಅಂಟಿಸಿದರೆ ಮುಗಿಯಿತು, ಹಾಳೆ ಮತ್ತೆ ಬಿಡಿಸುವುದು ಬಹಳ ಕಷ್ಟ. ಸಂಗ್ರಹಕ್ಕೂ ಅದಕ್ಕೆ ಬೆಲೆ ಇಲ್ಲ. ಸೆಲ್ಲೋಟೇಪೂ ಬೇಡ, ಕೆಲವೇ ವರ್ಷದಲ್ಲಿ ಹಳದಿ ಕಲೆ ಬಿಡುತ್ತದೆ. ಅಂಚು ನೇರ ಇಲ್ಲ ಅಂತ ಕತ್ತರಿಸಲೂ ಬಿಡಬೇಡಿ.

ಆಮ್ಲ ಇಲ್ಲದ ಬೋರ್ಡಿನ ಮೇಲೆ ಹಾಳೆ ಇಟ್ಟು, ಮೇಲಂಚಿಗೆ ಮಾತ್ರ ಜಪಾನಿ ಕಾಗದದ ಎರಡು ಸಣ್ಣ ಪಟ್ಟಿ. ಅಂಟು ಗೋಧಿ ಪಿಷ್ಟದ್ದು. ನೀರು ತಾಗಿಸಿದರೆ ಬಿಡುತ್ತದೆ. ಹಾಳೆ ಮೇಲಿಂದ ಇಳಿಬಿದ್ದು ನಿಂತಿರಬೇಕು, ಹಿಗ್ಗಲು ಕುಗ್ಗಲು ಜಾಗ ಇರಬೇಕು. ಮುಂದೆ ಮೌಂಟಿನ ಕಿಟಕಿ, ಅಂದರೆ ಚಿತ್ರ ಕಾಣುವಷ್ಟು ಮಧ್ಯೆ ಕತ್ತರಿಸಿದ ದಪ್ಪ ಬೋರ್ಡು. ಗಾಜು ಇಂಕಿಗೆ ತಾಗಬಾರದು, ತಾಗಿದರೆ ಮಳೆಗಾಲದಲ್ಲಿ ಅಂಟಿಕೊಳ್ಳುತ್ತದೆ. ಪೆನ್ಸಿಲ್ ಸಂಖ್ಯೆ, ಸಹಿ ಕಿಟಕಿಯೊಳಗೆ ಕಾಣುವ ಹಾಗೆ ಬಿಡಿ. ಯುವಿ ತಡೆಯುವ ಗಾಜು ಸ್ವಲ್ಪ ದುಬಾರಿ, ಆದರೂ ಹಾಕಿಸಿ. ಬಿಸಿಲು ಬೀಳುವ ಗೋಡೆ ಬೇಡ, ಬಚ್ಚಲುಮನೆ ಹಿಂದಿನ ಒದ್ದೆ ಗೋಡೆಯಂತೂ ಬೇಡವೇ ಬೇಡ. ವರ್ಷಕ್ಕೆ ಒಂದು ಸಲ ಇಳಿಸಿ ಹಿಂದೆ ಸಿಲ್ವರ್‌ಫಿಶ್ ಹುಳ ಬಂದಿದೆಯಾ ನೋಡಿ.

ಪಾಂಡವಪುರದ ಹುಡುಗ
ಮಂಗಳವಾರ, ರಾತ್ರಿ 9:15

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಚೌಕಟ್ಟು ಅಕ್ಕ, ನೀವು ಬರೆದದ್ದು ಓದಿ ಹೊಟ್ಟೆ ಚುರುಕ್ ಅಂದಿತು. ಅಮ್ಮ ಹಾಕಿದ ಒಂದು ರಂಗೋಲಿ ಪುಸ್ತಕದ ಹಾಳೆ ನನ್ನ ಹತ್ತಿರ ಇದೆ. ಅಮ್ಮ ಹೋದ ಮೇಲೆ ಅದನ್ನು ಫ್ರೇಮ್ ಮಾಡಿಸಿದೆ. ಅಂಗಡಿಯವರು ಹೀಗೇ ಅಂಟಿಸಿಬಿಟ್ಟರು. ಈಗ ಮಧ್ಯೆ ಕಂದು ಕಲೆ ಹರಡುತ್ತಿದೆ. ಈ ಸಲ ನಿಮ್ಮ ಮಾತಿನ ಹಾಗೇ ಮಾಡಿಸುತ್ತೇನೆ.

ಕುಕ್ಕರಹಳ್ಳಿ ಸಾರ್, ನಿಮ್ಮ ಪ್ರಶ್ನೆಗಳನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡಿದ್ದೇನೆ.

ಚೌಕಟ್ಟು
ಮಂಗಳವಾರ, ರಾತ್ರಿ 9:50

ಆ ರಂಗೋಲಿ ಹಾಳೆಯನ್ನು ನೀವೇ ಬಿಡಿಸಲು ಹೋಗಬೇಡಿ ತಮ್ಮ. ಮೊದಲು ಗೋಡೆಯಿಂದ ಇಳಿಸಿ, ಒಣಗಿದ ಕತ್ತಲ ಜಾಗದಲ್ಲಿ ಮಲಗಿಸಿಡಿ. ಒಳ್ಳೆಯ ಫೋಟೋ ತೆಗೆದಿಡಿ. ಕಾಗದ ಉಳಿಸುವ ಕೆಲಸ ಕಲಿತವರಿಗೆ ತೋರಿಸೋಣ.

ಪಾಂಡವಪುರದ ಹುಡುಗ
ಶನಿವಾರ, ರಾತ್ರಿ 10:30

ಪ್ರಿಂಟ್ ಮನೆಗೆ ತಂದೆ!

ಹಣ ಕೊಡುವ ಮೊದಲು ಚೀಟಿ ತೆಗೆದು ಎಲ್ಲ ಕೇಳಿದೆ. ಕಲಾವಿದರೇ ಅಲ್ಲಿದ್ದರು. 40 ಪ್ರತಿ, 4 ಎ.ಪಿ., ಬೇರೆ ಅಳತೆಯಲ್ಲಿ ಬರುವುದಿಲ್ಲ, ಅಚ್ಚು ಅಳಿಸಿ ಆಗಿದೆ. ಕೇಳಿದ್ದಕ್ಕೆ ಖುಷಿಪಟ್ಟು ಅಲ್ಲೇ ಬರೆದು ಸಹಿ ಹಾಕಿ ಕೊಟ್ಟರು. ಲಗ್ನಪತ್ರಿಕೆ ಅಣ್ಣ ಹೇಳಿದ ಹಾಗೆ ಕಿಟಕಿ ಹತ್ತಿರ ಓರೆಯಾಗಿ ಹಿಡಿದು ನೋಡಿದೆ. ನಾಲೆಯ ನೀರಿನ ಅಂಚಲ್ಲಿ ಆ ಸಣ್ಣ ಮೆಟ್ಟಿಲು ಕಂಡಿತು! ಬೆರಳ ತುದಿಯಲ್ಲಿ ಮುಟ್ಟಬೇಕು ಅನ್ನಿಸಿತು, ಮುಟ್ಟಲಿಲ್ಲ.

ಆದರೆ ನಾನು ಬರೆಯಲು ಕೂತದ್ದು ಬೇರೆ ವಿಷಯಕ್ಕೆ. ಮನೆಗೆ ತಂದು ಊಟದ ಟೇಬಲ್ ಮೇಲೆ ಬಿಳಿ ಪಂಚೆ ಹಾಸಿ ಅದರ ಮೇಲೆ ಇಟ್ಟೆ. ಅಪ್ಪ ಕನ್ನಡಕ ಹಾಕಿಕೊಂಡು ಬಂದು ಬಗ್ಗಿ ನೋಡಿದರು. ಬಹಳ ಹೊತ್ತು ಏನೂ ಹೇಳಲಿಲ್ಲ. ನಾನೇ "ನೋಡಪ್ಪ, ಬೆಳಗಿನ ಮಂಜು ಎಷ್ಟು ಚೆನ್ನಾಗಿ ತಂದಿದ್ದಾರೆ" ಅಂದೆ.

"ಮಂಜಲ್ಲ ಕಣೋ ಅದು," ಅಂದರು. "ಸೂಲಂಗಿ."

ನನಗೆ ಮೈ ಜುಂ ಅಂದಿತು. ಕಬ್ಬಿನ ಹೂವು! ಮತ್ತೆ ನೋಡಿದೆ. ಆ ಬಿಳಿ ಬೂದು ಪದರ ಗದ್ದೆಯ ಮೇಲೆಲ್ಲ ತೇಲುತ್ತಿಲ್ಲ. ಒಂದೇ ತಾಕಿನ ತಲೆಯ ಮೇಲೆ ನಿಂತಿದೆ. ಪಕ್ಕದ ತಾಕು ಬರೀ ಹಸಿರು. ನಾನು ಎರಡು ಸಲ ಹೋಗಿ ನೋಡಿದರೂ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಅಪ್ಪ ಬೆರಳನ್ನು ಹಾಳೆಗೆ ತಾಗಿಸದೆ ಮೇಲೆ ಹಿಡಿದು ತೋರಿಸುತ್ತಾ ಹೋದರು. "ಇದು ಡಿಸೆಂಬರ್, ಜನವರಿ. ಈ ತಾಕಿನವನಿಗೆ ಕಟಾವಿಗೆ ಆಳು ಸಿಕ್ಕಿಲ್ಲ. ಸೂಲಂಗಿ ಬಂದ ಮೇಲೆ ಬಿಟ್ಟರೆ ಒಳಗೆ ಬೆಂಡಾಗುತ್ತೆ, ತೂಕ ಬರಲ್ಲ. ಪಾಪ." ಆಮೇಲೆ ಕೇಳಿದರು, "ಇದನ್ನ ಮಾಡಿದವರು ಯಾವೂರವರು? ಕಬ್ಬು ಬೆಳೆದವರ ಮನೆಯವರಾ?"

ಕಲಾವಿದರಿಗೆ ಆಗಲೇ ಫೋನ್ ಮಾಡಿದೆ. ಅವರು ಒಂದು ಕ್ಷಣ ಮಾತಾಡಲಿಲ್ಲ. ಆಮೇಲೆ, ಅದು ಒಂಬತ್ತನೇ ಬಣ್ಣ, ಸೂಲಂಗಿಯೇ ಅಂದರು. ತೀರಾ ತೆಳ್ಳಗೆ ಕಾಣಲಿ ಅಂತ ಇಂಕಿಗೆ ಪಾರದರ್ಶಕ ಬೇಸ್ ಜಾಸ್ತಿ ಸೇರಿಸಿ, ಆ ಒಂದು ಬಣ್ಣವನ್ನೇ ನಾಲ್ಕು ಸಲ ಹೊಸದಾಗಿ ಕಲಸಿದರಂತೆ. ಪ್ರದರ್ಶನಕ್ಕೆ ಬಂದವರೆಲ್ಲ ಮಂಜು ಅಂತಲೇ ಅಂದರಂತೆ. ಅಪ್ಪನ ಜೊತೆ ಮಾತಾಡಬೇಕು ಅಂದರು. ಫೋನ್ ಕೊಟ್ಟೆ. ಇಬ್ಬರೂ ಅರ್ಧ ಗಂಟೆ ಮಾತಾಡಿದರು.

ಮಸಿಕೈ
ಶನಿವಾರ, ರಾತ್ರಿ 10:48

ನಾಲ್ಕು ಸಲ ಕಲಸಿದ್ದು ನನಗೆ ಪೂರ್ತಿ ಅರ್ಥ ಆಗುತ್ತದೆ. ಅಂಥ ಬಣ್ಣ ಹಸಿಯಾಗಿದ್ದಾಗ ಒಂದು ಥರ, ಒಣಗಿದ ಮೇಲೆ ಇನ್ನೊಂದು ಥರ. ಹಸಿರಿನ ಮೇಲೆ ಕೂತಾಗ ಮೂರನೇ ಥರ. ಕಣ್ಣು ಸುಸ್ತಾಗುತ್ತದೆ. ಇದು ಸರಿಯಾಯಿತು ಅಂತ ಹೇಳುವವರು ಸ್ಟುಡಿಯೋದಲ್ಲಿ ಯಾರೂ ಇರುವುದಿಲ್ಲ. ಆ ಕಲಾವಿದರಿಗೆ ಇವತ್ತು ಒಬ್ಬರು ಸಿಕ್ಕರು.

ಕುಕ್ಕರಹಳ್ಳಿ ನಡಿಗೆ
ಭಾನುವಾರ, ಬೆಳಿಗ್ಗೆ 7:20

ಕೆರೆ ಸುತ್ತು ಹಾಕಿ ಬಂದು ಓದಿದೆ. ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಆ ಸಹಿ ಹಾಕಿದ ಕಾಗದದ ಜೊತೆ ಅವರು ಹೇಳಿದ ಮಾತನ್ನೂ ತಾರೀಖು ಹಾಕಿ ಬರೆದಿಡಿ. ಮುಂದೆ ಈ ಪ್ರಿಂಟ್ ಯಾರ ಕೈಗೆ ಹೋದರೂ ಅದೂ ಜೊತೆಗೆ ಹೋಗಲಿ.

ಲಗ್ನಪತ್ರಿಕೆ ಮಂಡ್ಯ
ಭಾನುವಾರ, ಬೆಳಿಗ್ಗೆ 9:05

ಅಣ್ಣ, ಫ್ರೇಮಿಗೆ ಕೊಡುವ ಮುಂಚೆ ನಾನು ಒಂದು ಸಲ ನೋಡಬಹುದಾ? ಗಾಜು ಹಾಕಿದ ಮೇಲೆ ಇಂಕಿನ ಪದರ ಸರಿಯಾಗಿ ಕಾಣಲ್ಲ. ಇವತ್ತು ಅಂಗಡಿ ರಜಾ. ಮಧ್ಯಾಹ್ನದ ರೈಲಿಗೆ ಬರುತ್ತೇನೆ, ಲೂಪ್ ತರುತ್ತೇನೆ. ನಮ್ಮ ಹುಡುಗನೂ ಬರುತ್ತಾನೆ, ಈಗ ಸ್ಕ್ವೀಜಿ ಹಿಡಿಯೋದು ಕಲೀತಿದ್ದಾನೆ. ಅವನಿಗೂ ಆ ಒಂಬತ್ತನೇ ಬಣ್ಣ ತೋರಿಸಬೇಕು.

ಪಾಂಡವಪುರದ ಹುಡುಗ
ಭಾನುವಾರ, ಬೆಳಿಗ್ಗೆ 9:12

ಖಂಡಿತ ಬನ್ನಿ ಅಣ್ಣ. ಮಧ್ಯಾಹ್ನದ ರೈಲು ಬೇಡ, ಬೆಳಗಿನದಕ್ಕೇ ಹೊರಡಿ, ಊಟ ನಮ್ಮಲ್ಲೇ. ಅಪ್ಪ ಆಗಲೇ ಟೇಬಲ್ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದಾರೆ.